ಹಾಡಲು ಹೋದವರು ಕೇಳಿಯೂ ಬರಲಿ

ಭಾರತದ ಗಾಯನವೃಂದವೊಂದು ವಿದೇಶದ ಸಂಗೀತೋತ್ಸವಕ್ಕೆ ಹೋಗಿ ಬಂದರೆ ನಮ್ಮ ಪತ್ರಿಕೆಗಳಲ್ಲಿ ಬರುವ ಸುದ್ದಿಗೆ ಒಂದೇ ಅಚ್ಚು. ತಲೆಬರಹದಲ್ಲಿ ‘ಚಿನ್ನ’, ಅದರ ಕೆಳಗೆ ಒಂದೇ ಬಣ್ಣದ ಉಡುಪು ತೊಟ್ಟವರ ಗುಂಪುಚಿತ್ರ, ಮತ್ತೂ ಕೆಳಗೆ ಊರಿಗೂ ದೇಶಕ್ಕೂ ಕೀರ್ತಿ ತಂದರೆಂಬ ಎರಡು ಸಾಲು. ಅವರು ಯಾವ ಹಾಡು ಹಾಡಿದರು, ಯಾರ ಜೊತೆ ಹಾಡಿದರು, ಅಲ್ಲಿಂದ ಯಾವ ಹಾಡು ಕಲಿತು ಬಂದರು ಎಂಬುದನ್ನು ಓದುಗ ಊಹಿಸಿಕೊಳ್ಳಬೇಕಷ್ಟೆ. ಕಳಿಸಿಕೊಟ್ಟ ಸಂಸ್ಥೆಗೂ ಹಣ ಕೊಟ್ಟ ಪ್ರಾಯೋಜಕರಿಗೂ ಸನ್ಮಾನ ಮಾಡುವ ಸರಕಾರಕ್ಕೂ ಬೇಕಾದದ್ದು ಆ ಚಿನ್ನವೇ. ಹೀಗಾಗಿ ವೃಂದಗಳು ಕೂಡ ಚಿನ್ನ ಸಿಗುವ ಕಡೆಗೇ ಹೋಗುತ್ತವೆ, ಚಿನ್ನ ತರುವಂಥದ್ದನ್ನೇ ಹಾಡುತ್ತವೆ. ನಲವತ್ತು ಜನ ಗಂಟುಮೂಟೆ ಕಟ್ಟಿಕೊಂಡು ಸಮುದ್ರ ದಾಟಿ ಹಾಡಲು ಹೋಗುವುದು ಒಳ್ಳೆಯದೇ ಎಂಬುದು ನನ್ನ ನಿಲುವು. ಆದರೆ ಆ ಖರ್ಚಿಗೂ ಶ್ರಮಕ್ಕೂ ತಕ್ಕ ಫಲ ಇರುವುದು ಅಪರಿಚಿತರ ಹಾಡನ್ನು ಎದುರು ಕುಳಿತು ಕೇಳುವುದರಲ್ಲಿ, ಅವರ ಪಕ್ಕ ನಿಂತು ಅದನ್ನೇ ಹಾಡುವುದರಲ್ಲಿ. ಪದಕವನ್ನೇ ಅಳತೆಗೋಲು ಮಾಡಿಕೊಂಡರೆ ಮೊದಲು ಕೈತಪ್ಪುವುದು ಆ ಫಲವೇ.

ಪದಕದ ಲೆಕ್ಕವನ್ನೇ ಮೊದಲು ನೋಡೋಣ. ಜರ್ಮನಿಯ ಇಂಟರ್‌ಕುಲ್ಟೂರ್ ಸಂಸ್ಥೆ ನಡೆಸುವ ವರ್ಲ್ಡ್ ಕ್ವಾಯರ್ ಗೇಮ್ಸ್ ವೃಂದಗಾನದ ಲೋಕದ ಅತಿ ದೊಡ್ಡ ಮೇಳಗಳಲ್ಲೊಂದು. 2000ದಲ್ಲಿ ಆಸ್ಟ್ರಿಯಾದ ಲಿಂಜ್ ನಗರದಲ್ಲಿ ‘ಕ್ವಾಯರ್ ಒಲಿಂಪಿಕ್ಸ್’ ಎಂಬ ಹೆಸರಿನಲ್ಲಿ ಶುರುವಾದ ಇದು ಎರಡು ವರ್ಷಕ್ಕೊಮ್ಮೆ ದೇಶದಿಂದ ದೇಶಕ್ಕೆ ಸಾಗುತ್ತ 2010ರಲ್ಲಿ ಚೀನಾದ ಶಾವೊಷಿಂಗ್‌ಗೆ ಬಂದಿತ್ತು. ಮೇಘಾಲಯದ ಶಿಲ್ಲಾಂಗ್ ಚೇಂಬರ್ ಕ್ವಾಯರ್ ಮೂರು ವಿಭಾಗಗಳಲ್ಲಿ ಚಿನ್ನ ಪಡೆದದ್ದು ಅಲ್ಲಿಯೇ. ಆ ತಂಡದ ಯೋಗ್ಯತೆಯ ಬಗ್ಗೆ ಯಾರಿಗೂ ತಕರಾರಿಲ್ಲ. 2001ರಲ್ಲಿ ನೀಲ್ ನೊಂಗ್‌ಕಿನ್ರಿ ಕಟ್ಟಿದ ಆ ಬಳಗ ಖಾಸಿ ಭಾಷೆಯ ಹಾಡನ್ನೂ ಹಿಂದಿ ಸಿನಿಮಾ ಹಾಡನ್ನೂ ನಾಲ್ಕು ಧ್ವನಿಗಳಲ್ಲಿ ಹೆಣೆದು ವೃಂದಗಾನವನ್ನು ಭಾರತದ ಟಿವಿ ನೋಡುವ ಮನೆಮನೆಗೆ ಮುಟ್ಟಿಸಿತು. ಆದರೆ ಆ ಮೇಳದಲ್ಲಿ ಚಿನ್ನ ಎಂದರೆ ಮೊದಲ ಸ್ಥಾನ ಎಂದಲ್ಲ. ತೀರ್ಪುಗಾರರ ಅಂಕ ನಿಗದಿತ ಮಟ್ಟ ಮುಟ್ಟಿದ ತಂಡಗಳಿಗೆಲ್ಲ ಚಿನ್ನ. ಅದಕ್ಕೂ ಕೆಳಗಿನ ಮಟ್ಟಕ್ಕೆ ಬೆಳ್ಳಿ, ಕಂಚು. ವಿಭಾಗದಲ್ಲಿ ಎಲ್ಲರಿಗಿಂತ ಮುಂದಿರುವ ತಂಡಕ್ಕೆ ಬೇರೆಯದೇ ಬಿರುದು ಉಂಟು. ನಮ್ಮ ಪರೀಕ್ಷೆಗಳ ಡಿಸ್ಟಿಂಕ್ಷನ್‌ನಂತೆ ಇದು: ತರಗತಿಯಲ್ಲಿ ಎಷ್ಟು ಮಂದಿಗೆ ಬೇಕಾದರೂ ಬರಬಹುದು. ಈ ಪದ್ಧತಿಯಲ್ಲಿ ಮೋಸವೇನೂ ಇಲ್ಲ. ಹಾಡುವ ತಂಡಕ್ಕೆ ತನ್ನ ಮಟ್ಟ ಎಲ್ಲಿದೆ ಎಂದು ತಿಳಿಸುವುದಕ್ಕೆ ಇದು ಒಳ್ಳೆಯ ವಿಧಾನವೇ ಹೌದು. ಮೋಸವಾಗುವುದು ವಿಮಾನ ಇಳಿದ ಮೇಲೆ, ಈ ಚಿನ್ನವನ್ನು ಒಲಿಂಪಿಕ್ಸಿನ ಚಿನ್ನವೆಂಬಂತೆ ತಲೆಬರಹ ಮಾಡಿದಾಗ.

ಇಂಥ ಮೇಳಗಳಿಗೆ ಒಂದು ವ್ಯಾಪಾರದ ಮುಖವೂ ಇದೆ. ಪ್ರವೇಶಶುಲ್ಕ, ಆಯೋಜಕರೇ ಗೊತ್ತುಪಡಿಸಿದ ವಸತಿ, ಊಟ, ಓಡಾಟ ಎಲ್ಲ ಸೇರಿ ಒಂದು ಪ್ಯಾಕೇಜು. ಬಂದ ತಂಡಗಳಿಂದಲೇ ಮೇಳ ನಡೆಯಬೇಕಾದ್ದರಿಂದ ಯಾರೂ ಬರಿಗೈಯಲ್ಲಿ ಹೋಗದಂತೆ ನೋಡಿಕೊಳ್ಳುವುದು ಆಯೋಜಕರಿಗೂ ಹಿತ. ಇದನ್ನು ಕಂಡು ಕೆಲವರು ಸ್ಪರ್ಧೆಯೇ ತಪ್ಪು, ಕಲೆಯಲ್ಲಿ ಸೋಲುಗೆಲುವು ಕೂಡದು ಎಂದುಬಿಡುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. ಒಂದು ಹಾಡನ್ನು ಆರು ತಿಂಗಳು ತಿದ್ದಿ ತೀಡುವಂತೆ ಮಾಡುವ ಶಕ್ತಿ ಸ್ಪರ್ಧೆಗೆ ಇರುವಷ್ಟು ಶಾಲಾ ವಾರ್ಷಿಕೋತ್ಸವಕ್ಕೆ ಇಲ್ಲ. ಸ್ಪರ್ಧೆ ನೆಪವಾಗಿರುವ ತನಕ ಒಳ್ಳೆಯದು. ನೆಪವಾಗಿದ್ದಾಗ ಅದರಿಂದ ಏನೇನು ಸಾಧ್ಯ ಎಂಬುದಕ್ಕೆ ವೇಲ್ಸ್‌ನ ಪುಟ್ಟ ಊರೊಂದರ ಚರಿತ್ರೆಯೇ ಸಾಕ್ಷಿ.

ಉತ್ತರ ವೇಲ್ಸ್‌ನಲ್ಲಿ ಡೀ ನದಿಯ ದಂಡೆಯ ಮೇಲಿರುವ ಲ್ಯಾಂಗೊಲೆನ್‌ನ ಜನಸಂಖ್ಯೆ ಮೂರೂವರೆ ಸಾವಿರದ ಆಸುಪಾಸು. ಕಾವ್ಯ, ಗಾಯನಗಳ ಸ್ಪರ್ಧೆ ನಡೆಸುವ ‘ಐಸ್ಟೆಡ್‌ವೊಡ್’ ವೇಲ್ಸ್ ಜನರ ಹಳೆಯ ಸಂಪ್ರದಾಯ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ, ಈ ಸಂಪ್ರದಾಯದ ಬಾಗಿಲನ್ನು ಹೊರದೇಶದವರಿಗೂ ತೆರೆದರೆ ಯುದ್ಧದ ಗಾಯ ಮಾಯಲು ನೆರವಾಗಬಹುದೆಂದು ಬ್ರಿಟಿಷ್ ಕೌನ್ಸಿಲ್‌ನ ಹೆರಾಲ್ಡ್ ಟ್ಯೂಡರ್ ಸಲಹೆ ಕೊಟ್ಟರು. ಸಂಗೀತಗಾರ ಗ್ವಿನ್ ವಿಲಿಯಮ್ಸ್ ಮತ್ತಿತರರು ಅದನ್ನು ಕೈಗೆತ್ತಿಕೊಂಡರು. 1947ರ ಜೂನ್‌ನಲ್ಲಿ ಮೊದಲ ಉತ್ಸವ. ಆಗ ಬ್ರಿಟನ್ನಿನಲ್ಲಿ ಬ್ರೆಡ್ಡಿಗೂ ರೇಷನ್ ಇತ್ತು. ಅಂಥ ಹೊತ್ತಿನಲ್ಲಿ ಆ ಊರಿನವರು ಹೊರಗಿನಿಂದ ಬಂದ ಹಾಡುಗಾರರನ್ನು ತಮ್ಮ ಮನೆಗಳಲ್ಲೇ ಉಳಿಸಿಕೊಂಡು ಉಣಬಡಿಸಿದರು. ಫ್ರಾನ್ಸಿನಲ್ಲಿ ರೈಲ್ವೆ ಮುಷ್ಕರ ನಡೆಯುತ್ತಿದ್ದುದರಿಂದ ಹಂಗೇರಿಯ ಕಾರ್ಮಿಕರ ವೃಂದವೊಂದು ಸಿಕ್ಕ ಸಿಕ್ಕ ವಾಹನಗಳಿಗೆ ಕೈ ಅಡ್ಡ ಹಿಡಿದು ಹತ್ತಿಕೊಂಡು ಯುರೋಪನ್ನು ದಾಟಿ ಬಂದದ್ದನ್ನು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. ಬಹುಮಾನಕ್ಕಾಗಿಯೇ ಅಷ್ಟು ಕಷ್ಟಪಟ್ಟರು ಎಂದು ನಂಬುವುದು ಕಷ್ಟ.

ಎರಡು ವರ್ಷ ಕಳೆದ ಮೇಲೆ, 1949ರಲ್ಲಿ, ಜರ್ಮನಿಯ ಲ್ಯೂಬೆಕ್ ನಗರದಿಂದ ಒಂದು ವೃಂದ ಬಂತು. ಯುದ್ಧ ಮುಗಿದು ಆಗಿನ್ನೂ ನಾಲ್ಕೇ ವರ್ಷ. ಲ್ಯೂಬೆಕ್ ಬ್ರಿಟಿಷ್ ವಿಮಾನಗಳ ಬಾಂಬಿಗೆ ಸುಟ್ಟುಹೋದ ಊರು. ಇತ್ತ ಸಭಾಂಗಣದಲ್ಲಿ ಕುಳಿತವರಲ್ಲಿ ಜರ್ಮನ್ ಬಾಂಬಿಗೆ, ಗುಂಡಿಗೆ ಮನೆಯವರನ್ನು ಕಳೆದುಕೊಂಡವರು ಇರದೆ ಹೋಗಲು ಸಾಧ್ಯವೇ ಇರಲಿಲ್ಲ. ಹಾಡುಗಾರರು ಅಳುಕುತ್ತಲೇ ವೇದಿಕೆಯ ಪಕ್ಕದಲ್ಲಿ ನಿಂತಿದ್ದರಂತೆ. ನಿರೂಪಕ ಅವರನ್ನು ಗೆಳೆಯರೆಂದು ಪರಿಚಯಿಸಿದ, ಸಭೆ ಚಪ್ಪಾಳೆ ತಟ್ಟಿ ಬರಮಾಡಿಕೊಂಡಿತು. ನಾಲ್ಕು ವರ್ಷಗಳ ಬಳಿಕ ಅದೇ ವೇದಿಕೆಗೆ ಒಬರ್ನ್‌ಕಿರ್ಶೆನ್ ಎಂಬ ಜರ್ಮನ್ ಊರಿನ ಮಕ್ಕಳ ವೃಂದ ಬಂತು. ಯುದ್ಧಾನಂತರ ಅನಾಥ ಮಕ್ಕಳಿಗೆ ಹಣ ಕೂಡಿಸಲು ಕಟ್ಟಿದ ಬಳಗವದು. ಅವರು ಹಾಡಿದ ಅಲೆಮಾರಿಯ ಹಾಡು ಬಹುಮಾನವನ್ನೂ ಗೆದ್ದಿತು, ರೇಡಿಯೊ ಮೂಲಕ ಹರಡಿ ಮರುವರ್ಷ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಧ್ವನಿಮುದ್ರಿಕೆಗಳಲ್ಲಿ ಒಂದಾಯಿತು. ನಿನ್ನೆ ಮೊನ್ನೆಯವರೆಗೆ ಜರ್ಮನ್ ಭಾಷೆ ಕಿವಿಗೆ ಬಿದ್ದರೆ ಬೆಚ್ಚುತ್ತಿದ್ದ ನಾಡಿನಲ್ಲಿ ಜರ್ಮನ್ ಮಕ್ಕಳ ದನಿ ಮನೆಮನೆಯ ರೇಡಿಯೊದಲ್ಲಿ ಕೇಳಿತು. 1955ರಲ್ಲಿ ಇಟಲಿಯ ಮೊದೆನಾದಿಂದ ಬಂದು ಗೆದ್ದ ವೃಂದದಲ್ಲಿ ಬೇಕರಿ ಕೆಲಸದ ತಂದೆಯೊಡನೆ ಹತ್ತೊಂಬತ್ತು ವರ್ಷದ ಮಗನೂ ಇದ್ದ. ಹೆಸರು ಲೂಚಿಯಾನೊ ಪಾವರೊಟ್ಟಿ. ತಾನು ವೃತ್ತಿಗಾಯಕನಾಗಲು ಆ ವಾರವೇ ಕಾರಣವೆಂದು ಆತ ಮುಂದೆ ಹೇಳುತ್ತಿದ್ದ, ಜಗತ್ಪ್ರಸಿದ್ಧನಾದ ಮೇಲೆ 1995ರಲ್ಲಿ ಅದೇ ಊರಿಗೆ ಬಂದು ಮತ್ತೆ ಹಾಡಿದ. 1949ರ ಬಹುಮಾನಗಳು ಯಾರ ಪಾಲಾದವು ಎಂದು ಇಂದು ಕೇಳುವವರಿಲ್ಲ. ಲ್ಯೂಬೆಕ್‌ನವರಿಗೆ ಸಿಕ್ಕ ಸ್ವಾಗತದ ಕಥೆ ಮಾತ್ರ ಉಳಿದಿದೆ.

ಇದೆಲ್ಲ ಭಾವುಕತೆ, ಹಾಡಿನಿಂದ ಯಾವ ಯುದ್ಧ ನಿಂತಿದೆ ಎಂದು ಕೇಳುವವರಿಗೆ ಉತ್ತರ ಕೊಡಬೇಕು. ನಿಜ, ನಿಂತಿಲ್ಲ. ಲ್ಯಾಂಗೊಲೆನ್ ಉತ್ಸವವನ್ನು 2004ರಲ್ಲಿ ನೊಬೆಲ್ ಶಾಂತಿ ಪುರಸ್ಕಾರಕ್ಕೆ ಸೂಚಿಸಿದಾಗ ನನ್ನಂಥವರಿಗೂ ಅದು ತುಸು ಹೆಚ್ಚೆನಿಸುವುದು ಸಹಜ. ಉತ್ಸವಗಳು ಪ್ರಚಾರದ ಸಾಧನವಾಗಿರುವುದೂ ಉಂಟು; ಸೋವಿಯತ್ ಆಡಳಿತದಲ್ಲಿ ಎಸ್ಟೋನಿಯಾದ ಹಾಡುಹಬ್ಬದ ವೇದಿಕೆಯ ಮೇಲೆ ಸರಕಾರಿ ಹಾಡುಗಳಿಗೆ ತಪ್ಪದೆ ಜಾಗ ಇರುತ್ತಿತ್ತು. ಆದರೆ ನಾನು ಹೇಳುತ್ತಿರುವುದು ಅದಕ್ಕಿಂತ ಚಿಕ್ಕದಾದ, ಪರೀಕ್ಷಿಸಿ ನೋಡಬಹುದಾದ ಒಂದು ಸಂಗತಿ. ಮನಶ್ಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಮತ್ತವರ ಸಹೋದ್ಯೋಗಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಂಗ್ಲೆಂಡಿನ ವಯಸ್ಕರ ಶಿಕ್ಷಣದ ತರಗತಿಗಳನ್ನು ಏಳು ತಿಂಗಳು ಗಮನಿಸಲಾಯಿತು. ಕೆಲವು ಹಾಡುವ ತರಗತಿಗಳು, ಕೆಲವು ಕರಕುಶಲದವು, ಕೆಲವು ಬರವಣಿಗೆಯವು. ಕೊನೆಯ ಹೊತ್ತಿಗೆ ಎಲ್ಲ ತರಗತಿಗಳಲ್ಲೂ ಸ್ನೇಹ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿತ್ತು. ವ್ಯತ್ಯಾಸ ಇದ್ದದ್ದು ವೇಗದಲ್ಲಿ: ಹಾಡುವವರು ಮೊದಲ ತಿಂಗಳಲ್ಲೇ ಹತ್ತಿರವಾಗಿದ್ದರು, ಉಳಿದವರಿಗೆ ಅಷ್ಟಕ್ಕೆ ಬಹಳ ಕಾಲ ಹಿಡಿಯಿತು. ಒಬ್ಬರನ್ನೊಬ್ಬರು ಸರಿಯಾಗಿ ಅರಿಯುವ ಮೊದಲೇ ಹಾಡು ಗುಂಪನ್ನು ಕೂಡಿಸಿಬಿಡುತ್ತದೆ ಎಂದಾಯಿತು. ಒಂದು ವಾರದ ಉತ್ಸವಕ್ಕೆ ಇದಕ್ಕಿಂತ ಬೇರೆ ಗುಣ ಬೇಕೇ? ವಿಚಾರಸಂಕಿರಣಕ್ಕೆ ಬಂದವರು ಆರನೆಯ ದಿನ ಒಬ್ಬರನ್ನೊಬ್ಬರು ನೋಡಿ ನಗಲು ಕಲಿಯುತ್ತಾರೆ. ಹಾಡಲು ಬಂದವರಿಗೆ ಅಷ್ಟು ದಿನ ಬೇಡ. ಆದರೆ ಅದಕ್ಕೆ ಅವರು ಪರಸ್ಪರ ಕೂಡಿ ಹಾಡಬೇಕು. ಹನ್ನೆರಡು ನಿಮಿಷ ವೇದಿಕೆ ಹತ್ತಿ, ಇಳಿದು, ಬಸ್ಸು ಏರಿ ಹೋಟೆಲಿಗೆ ಹೋಗುವವರಿಗೆ ಈ ಲಾಭದಲ್ಲಿ ಪಾಲಿಲ್ಲ.

ಇಲ್ಲಿಯೇ ಉತ್ಸವ ಮತ್ತು ಉತ್ಸವದ ನಡುವಿನ ಅಂತರ ಕಾಣುತ್ತದೆ. ಯುರೋಪಿನಲ್ಲಿ 1961ರಲ್ಲಿ ಜರ್ಮನಿಯ ಪಸ್ಸಾವ್‌ನಲ್ಲಿ ಮೊದಲ ಬಾರಿ ಸೇರಿದ ‘ಯುರೋಪಾ ಕಾಂಟಾಟ್’ ಕೂಡ ಯುದ್ಧದ ನೆನಪಿನಿಂದಲೇ ಹುಟ್ಟಿದ್ದು. ಫ್ರಾನ್ಸ್ ಮತ್ತು ಜರ್ಮನಿಯ ವೃಂದನಾಯಕರೇ ಅದರ ಹಿಂದಿದ್ದವರು. ಮೂರು ವರ್ಷಕ್ಕೊಮ್ಮೆ ನಡೆಯುವ ಆ ಉತ್ಸವದಲ್ಲಿ ಪದಕವಿಲ್ಲ. ಬಂದವರು ಬೆಳಿಗ್ಗೆ ಬೇರೆ ಬೇರೆ ದೇಶದವರೊಡನೆ ಸೇರಿ ಹೊಸ ಕೃತಿಯೊಂದನ್ನು ಕಲಿಯುತ್ತಾರೆ, ವಾರದ ಕೊನೆಗೆ ಒಟ್ಟಿಗೆ ಹಾಡುತ್ತಾರೆ. ಸಂಜೆ ಊರಿನ ಚೌಕದಲ್ಲಿ ದಾರಿಹೋಕರೂ ಸೇರಿ ಹಾಡುವುದಿರುತ್ತದೆ. ಇಂಥ ಕಡೆ ಹೋಗಿಬಂದ ವೃಂದದ ಬಗ್ಗೆ ನಮ್ಮ ಪತ್ರಿಕೆಗಳಿಗೆ ತಲೆಬರಹವೇ ಸಿಗುವುದಿಲ್ಲ ಎಂಬುದೇ ಸಮಸ್ಯೆ. ಪ್ರಾಯೋಜಕರ ಗೋಡೆಯ ಮೇಲೆ ತೂಗುಹಾಕಲು ಪ್ರಮಾಣಪತ್ರವೂ ಸಿಗುವುದಿಲ್ಲ.

ಅಷ್ಟಕ್ಕೂ ಹೋಗುವುದೇಕೆ, ಇಂಟರ್‌ನೆಟ್ ಇದೆಯಲ್ಲ ಎಂಬುದು ಈ ಕಾಲದ ಆಕ್ಷೇಪಣೆ. ಅಮೆರಿಕದ ಸಂಗೀತಕಾರ ಎರಿಕ್ ವಿಟೇಕರ್ 2010ರಲ್ಲಿ ಹನ್ನೆರಡು ದೇಶಗಳ 185 ಮಂದಿಯನ್ನು ಯೂಟ್ಯೂಬಿನಲ್ಲಿ ‘ವರ್ಚುಯಲ್ ಕ್ವಾಯರ್’ ಆಗಿ ಹಾಡಿಸಿದ್ದು ಚಂದದ ಸಾಧನೆಯೇ. ಅದು ನಡೆದ ಬಗೆಯನ್ನು ಗಮನಿಸಿ: ವಿಟೇಕರ್ ಒಬ್ಬರೇ ಕ್ಯಾಮೆರಾ ಎದುರು ಕೈಯಾಡಿಸಿದರು, ಹಾಡುಗಾರರು ತಮ್ಮ ತಮ್ಮ ಕೋಣೆಯಲ್ಲಿ ಆ ವಿಡಿಯೊ ನೋಡುತ್ತ ತಮ್ಮ ಪಾಲನ್ನು ಒಬ್ಬೊಬ್ಬರೇ ಹಾಡಿ ಕಳಿಸಿದರು, ಕೊನೆಗೆ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಹೊಂದಿಸಿದ್ದಾಯಿತು. ಕೇಳುವವರಿಗೆ ವೃಂದಗಾನ ಸಿಕ್ಕಿತು. ಹಾಡಿದ 185 ಮಂದಿಯಲ್ಲಿ ಒಬ್ಬರೂ ಹಾಡುವ ಹೊತ್ತಿನಲ್ಲಿ ಇನ್ನೊಬ್ಬರನ್ನು ಕೇಳಿಸಿಕೊಳ್ಳಲಿಲ್ಲ. ವೃಂದದಲ್ಲಿ ಹಾಡುವವರ ಕೆಲಸದ ಮುಕ್ಕಾಲು ಪಾಲು ಕೇಳುವುದು. ಪಕ್ಕದವರ ಶ್ರುತಿಗೆ ತನ್ನ ಶ್ರುತಿಯನ್ನು ಕೂದಲೆಳೆಯಷ್ಟು ಸರಿಸುವುದು, ಅವರು ಉಸಿರು ತೆಗೆದುಕೊಳ್ಳುವಲ್ಲಿ ತಾನು ಹಿಡಿದುಕೊಳ್ಳುವುದು. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸಂಶೋಧಕರು 2013ರಲ್ಲಿ ತೋರಿಸಿದಂತೆ ಕೂಡಿ ಹಾಡುವವರ ಉಸಿರಾಟ ಒಂದೇ ಲಯಕ್ಕೆ ಬಂದು, ಅದರ ಜೊತೆಗೆ ಹೃದಯಬಡಿತದ ಏರಿಳಿತಗಳೂ ಹೊಂದಿಕೊಳ್ಳುತ್ತವೆ. ಇದರ ಕರಾಳ ಸಾಕ್ಷಿಯೂ ನಮ್ಮ ಮುಂದಿದೆ. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ವೃಂದವೊಂದರ ಅಭ್ಯಾಸಕ್ಕೆ ಬಂದ 61 ಮಂದಿಯಲ್ಲಿ 53 ಮಂದಿಗೆ ಕೋವಿಡ್ ತಗುಲಿತು, ಇಬ್ಬರು ತೀರಿಕೊಂಡರು. ಅವರು ಹಂಚಿಕೊಂಡದ್ದು ಒಂದೇ ಕೋಣೆಯ ಗಾಳಿಯನ್ನು. ಆ ಗಾಳಿ ತಂತಿಯ ಮೂಲಕ ಹರಿಯುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ನಮ್ಮ ಸಂಗೀತದ ಕಡೆಯಿಂದ ಬರುತ್ತದೆ. ನಮ್ಮದು ಒಂದೇ ಎಳೆಯ ರಾಗಸಂಗೀತ. ನಾಲ್ಕು ಧ್ವನಿಗಳಲ್ಲಿ ಸ್ವರ ಹೆಣೆಯುವ ವೃಂದಗಾನ ಯುರೋಪಿನ ಚರ್ಚಿನದು. ಅವರ ಅಂಗಳಕ್ಕೆ ಹೋಗಿ ಅವರ ನಿಯಮದಂತೆ ಹಾಡಿ ಅವರಿಂದ ಅಂಕ ಪಡೆಯುವುದು ಇನ್ನೊಂದು ಬಗೆಯ ದಾಸ್ಯವಲ್ಲವೇ? ಈ ಪ್ರಶ್ನೆಯ ಅರ್ಧ ಸರಿ, ಅರ್ಧ ತಪ್ಪು. ಹಲವು ಧ್ವನಿಗಳ ಗಾಯನ ಯುರೋಪಿನ ಚರ್ಚಿನ ಸೊತ್ತೇನಲ್ಲ. ಕಾಕಸಸ್ ಪರ್ವತಗಳ ಮಡಿಲಿನ ಜಾರ್ಜಿಯಾದ ಹಳ್ಳಿಗರು ದ್ರಾಕ್ಷಾರಸದ ಔತಣದಲ್ಲೂ ಹೊಲದ ಕೆಲಸದಲ್ಲೂ ಮೂರು ಧ್ವನಿಗಳಲ್ಲಿ ಹಾಡುತ್ತಾರೆ. ಮಧ್ಯ ಆಫ್ರಿಕಾದ ಕಾಡಿನ ಅಕಾ ಜನರ ಬಹುಧ್ವನಿ ಗಾಯನದ ಸಂಕೀರ್ಣತೆಗೆ ಪಾಶ್ಚಾತ್ಯ ಸಂಗೀತಗಾರರೇ ತಲೆದೂಗಿದ್ದಾರೆ. ಒಬ್ಬರು ಎತ್ತಿಕೊಡುವುದು, ಗುಂಪು ತೆಗೆದುಕೊಳ್ಳುವುದು ಎಂಬ ಕ್ರಮವಂತೂ ನಮ್ಮ ಸೋಬಾನೆಯಲ್ಲಿ, ಭಜನೆಯಲ್ಲಿ, ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರಲ್ಲಿ, ಮಂಟೇಸ್ವಾಮಿಯ ನೀಲಗಾರರಲ್ಲಿ ತಲೆಮಾರುಗಳಿಂದ ನಡೆದುಬಂದಿದೆ.

ಸರಿಯಾದ ಅರ್ಧ ಇದು: ಈ ಸಂಪತ್ತನ್ನು ಬಿಟ್ಟು, ಲ್ಯಾಟಿನ್ ಸ್ತೋತ್ರವನ್ನೋ ಅಮೆರಿಕದ ಗಾಸ್ಪೆಲ್ ಹಾಡನ್ನೋ ಮಾತ್ರ ಕಲಿತು ಹೋಗುವುದು ಯಾರಿಗೂ ಉಪಯೋಗವಿಲ್ಲದ ಕೆಲಸ. ಎಸ್ಟೋನಿಯಾದ ವೆಲ್ಯೊ ಟೊರ್ಮಿಸ್ ಇಲ್ಲಿ ನೆನಪಾಗಬೇಕು. ಕೇವಲ ಹದಿಮೂರು ಲಕ್ಷ ಚಿಲ್ಲರೆ ಜನರಿರುವ ಆ ದೇಶ 1869ರಲ್ಲಿ ತಾರ್ತು ನಗರದಲ್ಲಿ ಮೊದಲ ಹಾಡುಹಬ್ಬ ನಡೆಸಿದಾಗ ಹಾಡಿದ್ದು ಬಹುಪಾಲು ಜರ್ಮನ್ ಮಾದರಿಯ ಹಾಡುಗಳನ್ನೇ. ನೂರು ವರ್ಷಗಳ ಮೇಲೆ ಟೊರ್ಮಿಸ್ ತಮ್ಮ ಹಳ್ಳಿಗಳ ‘ರೆಗಿಲಾವ್ಲ್’ ಎಂಬ ಹಳೆಯ ಹಾಡುಗಳನ್ನು ಕೈಗೆತ್ತಿಕೊಂಡರು. ಅವೂ ನಮ್ಮ ಸೋಬಾನೆಯಂತೆಯೇ: ಹಿರಿಯಳೊಬ್ಬಳು ಸಾಲು ಎತ್ತಿಕೊಡುತ್ತಾಳೆ, ಉಳಿದವರು ಅದನ್ನು ಮರಳಿ ಹಾಡುತ್ತಾರೆ, ನಾಲ್ಕೈದು ಸ್ವರಗಳ ಆಚೆಗೆ ರಾಗ ಹೋಗುವುದಿಲ್ಲ. ಅವುಗಳಿಗೆ ಪಾಶ್ಚಾತ್ಯ ಅಲಂಕಾರ ತೊಡಿಸದೆ, ಆ ಪುನರಾವರ್ತನೆಯ ಬಲವನ್ನೇ ಹಿಡಿದು ಅವರು ವೃಂದಕೃತಿಗಳನ್ನು ಕಟ್ಟಿದರು. ಕಬ್ಬಿಣಕ್ಕೆ ಶಾಪ ಹಾಕುವ ಅವರ 1972ರ ಕೃತಿಯನ್ನು ಇಂದು ಜಗತ್ತಿನ ನಾನಾ ಕಡೆಯ ವೃಂದಗಳು ಹಾಡುತ್ತವೆ. ಕನ್ನಡಕ್ಕೆ ಇಂಥ ಕೆಲಸ ಬಹಳವೇನೂ ಆಗಿಲ್ಲ. ನಮ್ಮ ಸುಗಮ ಸಂಗೀತದ ಸಮೂಹಗಾನ ಹೆಚ್ಚಾಗಿ ಒಂದೇ ರಾಗವನ್ನು ಹಲವರು ಹಾಡುವಲ್ಲಿಗೆ ನಿಲ್ಲುತ್ತದೆ. ಅದರಲ್ಲಿ ಕೊರತೆಯೇನಿಲ್ಲ, ಆದರೆ ಹೊರಗಿನ ವೃಂದವೊಂದು ಕಲಿತು ತನ್ನೂರಿಗೆ ಒಯ್ಯಬಲ್ಲಂತೆ ಬರೆದಿಟ್ಟ ಕನ್ನಡ ಕೃತಿಗಳು ಬೇಕು. ವಿಮಾನದ ಟಿಕೆಟ್ಟಿಗಿಂತ ಮೊದಲು ಹಣ ಹೋಗಬೇಕಾದದ್ದು ಅಂಥ ಕೃತಿ ಬರೆಯಬಲ್ಲವರ ಕಡೆಗೆ.

ಕರ್ನಾಟಕದಲ್ಲಿ ನಾಲ್ಕು ಧ್ವನಿಗಳ ಗಾಯನ ಈಚಿನದೂ ಅಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಂದಿನಿಂದ ಜರ್ಮನ್ ರಾಗಗಳು ಕನ್ನಡ ಪದಗಳನ್ನು ತೊಟ್ಟು ಚರ್ಚುಗಳಲ್ಲಿ ಹಾಡಾಗಿವೆ. ನಿಘಂಟಿನಿಂದ ಹೆಸರಾದ ಕಿಟ್ಟೆಲ್, ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದದ್ದೂ ಉಂಟು, ಪಾಶ್ಚಾತ್ಯ ರಾಗಕ್ಕೆ ಕನ್ನಡ ಪದ ಹೊಂದಿಸುವುದರಿಂದ ಅವರಿಗೆ ತೃಪ್ತಿಯಾಗಲಿಲ್ಲ ಎಂಬುದಕ್ಕೆ ಇದು ಸೂಚನೆ. ಹೋಗುವ ಮೊದಲೇ ಕೊಡುಕೊಳೆ ನಡೆದಿರುವ ನೆಲ ನಮ್ಮದು. ಏಷ್ಯಾದ ಬೇರೆಡೆ ಇಂಥ ನೆಲದಿಂದ ಏನು ಬೆಳೆದಿದೆ ಎಂದು ನೋಡಬೇಕಾದರೆ ಫಿಲಿಪೀನ್ಸ್‌ನತ್ತ ತಿರುಗಬೇಕು. 1963ರಲ್ಲಿ ಶುರುವಾದ ಫಿಲಿಪೀನ್ ಮ್ಯಾಡ್ರಿಗಲ್ ಸಿಂಗರ್ಸ್ ಅರ್ಧವೃತ್ತದಲ್ಲಿ ಕುಳಿತು, ಎದುರಿಗೆ ನಿರ್ದೇಶಕರಿಲ್ಲದೆ ಹಾಡುತ್ತಾರೆ. ಒಬ್ಬರನ್ನೊಬ್ಬರು ಕೇಳುವುದೇ ಅವರ ನಿರ್ದೇಶನ. ವೃಂದಗಾನದ ಯುರೋಪಿಯನ್ ಗ್ರ್ಯಾಂಡ್ ಪ್ರಿ ಸ್ಪರ್ಧೆಯನ್ನು 1997ರಲ್ಲೂ 2007ರಲ್ಲೂ ಗೆದ್ದ ಅವರು ತಮ್ಮ ದ್ವೀಪಗಳ ಜನಪದ ಹಾಡುಗಳನ್ನು ಲೋಕಕ್ಕೆಲ್ಲ ಒಯ್ದರು. ಗೆದ್ದರು ಎಂಬುದನ್ನು ಇಲ್ಲಿ ನಾನೂ ಹೇಳಿದೆ, ಬಿಡಿ. ಅಷ್ಟು ದಶಕ ಕೇಳುವುದನ್ನು ಅಭ್ಯಾಸ ಮಾಡಿದವರಿಗೆ ಗೆಲುವು ತಾನಾಗಿ ಬಂದದ್ದು. ಭಾರತದಲ್ಲೇ ರುಮಾ ಗುಹಾ ಠಾಕುರ್ತಾ 1958ರಲ್ಲಿ ಕಟ್ಟಿದ ಕಲ್ಕತ್ತಾ ಯೂತ್ ಕ್ವಾಯರ್ 1974ರಲ್ಲಿ ಕೋಪನ್‌ಹೇಗನ್‌ನ ಯುವ ಉತ್ಸವಕ್ಕೆ ಹೋಗಿ ಮೊದಲ ಬಹುಮಾನ ತಂದಿತ್ತು. ಅವರ ಜೀವಾಳವಾಗಿದ್ದುದು ಬಂಗಾಳದ ಜನಪದ ಮತ್ತು ಹೋರಾಟದ ಹಾಡುಗಳು.

ಕನ್ನಡದ ಕಲಾತಂಡಗಳು ವಿದೇಶಕ್ಕೆ ಹೋಗುವುದೇ ಇಲ್ಲವೆಂದಲ್ಲ. ಧಾರಾಳವಾಗಿ ಹೋಗುತ್ತವೆ. ಆದರೆ ಹೆಚ್ಚಾಗಿ ಹೋಗುವುದು ಅಮೆರಿಕದ ಅಕ್ಕ ಸಮ್ಮೇಳನಕ್ಕೆ, ಕೊಲ್ಲಿ ದೇಶಗಳ, ಇಂಗ್ಲೆಂಡಿನ ಕನ್ನಡ ಕೂಟಗಳಿಗೆ. ಅಲ್ಲಿ ಹಾಡುವವರೂ ನಮ್ಮವರು, ಕೇಳುವವರೂ ನಮ್ಮವರು. ದೂರದ ನಾಡಿನಲ್ಲಿ ಮಕ್ಕಳಿಗೆ ಕನ್ನಡ ಉಳಿಸಲು ಹೆಣಗುವವರಿಗೆ ಅದರ ಬೆಲೆ ಗೊತ್ತು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೂ ಅದು ನಮ್ಮನ್ನು ನಾವೇ ಭೇಟಿಯಾಗುವ ಪ್ರಯಾಣ. ನಮ್ಮ ಹಾಡು ಗೊತ್ತಿಲ್ಲದವರ ನಡುವೆ ನಿಂತು, ಪೋಲೆಂಡಿನವರಿಗೆ ಒಂದು ತ್ರಿಪದಿ ಕಲಿಸಿ, ಅವರಿಂದ ಒಂದು ಲಾಲಿ ಕಲಿತು ಬರುವುದು ಬೇರೆಯೇ ಅನುಭವ. ಸರಕಾರದ ಸಂಸ್ಕೃತಿ ಅನುದಾನ ಎರಡನೆಯದಕ್ಕೂ ಸ್ವಲ್ಪ ತಿರುಗಲಿ ಎನ್ನುವುದು ಅತಿಯಾಸೆಯಲ್ಲ.

ಖರ್ಚಿನ ಮಾತು ಬಂದೇ ಬರುತ್ತದೆ. ಷೆಂಗನ್ ವೀಸಾ ಶುಲ್ಕ ವಯಸ್ಕರಿಗೆ 2024ರ ಜೂನ್‌ನಿಂದ 90 ಯೂರೊ. ನಲವತ್ತು ಜನರಿಗೆ 3,600 ಯೂರೊ, ಅಂದರೆ ಮೂರು ಲಕ್ಷ ರೂಪಾಯಿಗೂ ಮೇಲೆ. ವೀಸಾ ಸಿಗದಿದ್ದರೂ ಆ ದುಡ್ಡು ಮರಳಿ ಬರುವುದಿಲ್ಲ. ಕಲಾತಂಡಗಳೆಂದರೆ ದೂತಾವಾಸಗಳಿಗೆ ಅನುಮಾನ ಜಾಸ್ತಿ, ಅದಕ್ಕೆ ಕಾರಣವೂ ಇದೆ. ತಂಡದ ಸದಸ್ಯರೆಂದು ಸುಳ್ಳು ಹೆಸರು ಸೇರಿಸಿ ಜನರನ್ನು ಹೊರದೇಶಕ್ಕೆ ದಾಟಿಸುವ, ಪಂಜಾಬಿನಲ್ಲಿ ಕಬೂತರ್‌ಬಾಜಿ ಎಂದು ಕರೆಯುವ ದಂಧೆ ಬಯಲಿಗೆ ಬಂದು ಮೊಕದ್ದಮೆಗಳೂ ನಡೆದವು. ಅದರ ಫಲವನ್ನು ಪ್ರಾಮಾಣಿಕರೂ ಉಣ್ಣುತ್ತಾರೆ. ಕ್ರಿಕೆಟ್ ತಂಡದಲ್ಲಿ ಒಬ್ಬನಿಗೆ ವೀಸಾ ಸಿಗದಿದ್ದರೆ ಹನ್ನೆರಡನೆಯವನು ಇಳಿಯುತ್ತಾನೆ. ಇಪ್ಪತ್ತು ಜನರ ವೃಂದದಲ್ಲಿ ಕೆಳಸ್ಥಾಯಿಯ ಇಬ್ಬರು ಗಂಡಸರಿಗೆ ನಿರಾಕರಣೆಯಾದರೆ ಆರು ತಿಂಗಳು ಹೆಣೆದ ಹಾಡೇ ಬಿಚ್ಚಿಹೋಗುತ್ತದೆ. ಆದ್ದರಿಂದ ತಂಡವನ್ನು ಒಟ್ಟಾಗಿ ಪರಿಗಣಿಸುವಂತೆ ಮಾತುಕತೆ ನಡೆಸುವುದು, ಖಾತರಿ ನಿಲ್ಲುವುದು ಖಾಸಗಿಯವರ ಕೈಲಾಗದ ಕೆಲಸ. 1950ರಿಂದ ಭಾರತದ ಕಲಾವಿದರನ್ನು ಹೊರದೇಶಗಳಿಗೆ ಕಳಿಸುತ್ತಿರುವ ಭಾರತೀಯ ಸಾಂಸ್ಕೃತಿಕ ಸಂಬಂಧ ಪರಿಷತ್ತಿನಂಥ ಸಂಸ್ಥೆಗೇ ಅದು ಸಾಧ್ಯ.

ಶ್ರೀಮಂತ ಶಾಲೆಗಳ ಮಕ್ಕಳ ಮೋಜಿನ ಪ್ರವಾಸಕ್ಕೆ ಸಾರ್ವಜನಿಕರ ದುಡ್ಡೇಕೆ ಎಂಬ ಪ್ರಶ್ನೆಗೂ ನನ್ನ ಉತ್ತರ ಇಲ್ಲೇ ಇದೆ. ಸಾರ್ವಜನಿಕರ ದುಡ್ಡು ಇಲ್ಲದಿರುವುದರಿಂದಲೇ ಅದು ಶ್ರೀಮಂತರ ಪ್ರವಾಸವಾಗಿ ಉಳಿದಿದೆ. ಸರಕಾರಿ ಶಾಲೆಯ, ಹಾಸ್ಟೆಲಿನ ಮಕ್ಕಳಲ್ಲಿ ದನಿಯಿಲ್ಲವೇ? ವಾದ್ಯವೂ ಬೇಡ, ಯಂತ್ರವೂ ಬೇಡ, ಕಲಿಸುವ ಒಬ್ಬರಿದ್ದರೆ ಸಾಕು; ಇದಕ್ಕಿಂತ ಅಗ್ಗದ ಸಂಗೀತಶಿಕ್ಷಣ ಮತ್ತೊಂದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್ ದೇಶದುದ್ದಗಲ ನಡೆಸಿದ ಯುವಶಿಬಿರಗಳಲ್ಲಿ ಎಲ್ಲ ಭಾಷೆಗಳ ಹಾಡನ್ನು ಎಲ್ಲರಿಂದ ಹಾಡಿಸುತ್ತಿದ್ದುದು ಬರೀ ದನಿಯನ್ನು ನಂಬಿಕೊಂಡೇ. ವಿಮಾನದ ಹೊಗೆಯ ಆಕ್ಷೇಪಣೆಗೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಭಾರತೀಯನೊಬ್ಬ ವರ್ಷಕ್ಕೆ ಸರಾಸರಿ ಎರಡು ಟನ್ ಇಂಗಾಲದ ಡೈಆಕ್ಸೈಡಿಗೆ ಕಾರಣನಾಗುತ್ತಾನೆ. ಯುರೋಪಿಗೆ ಒಮ್ಮೆ ಹಾರಿ ಬಂದರೆ ಅದರ ಅರ್ಧದಷ್ಟಾದರೂ ಅಷ್ಟರಲ್ಲೇ ಮುಗಿಯುತ್ತದೆ. ವರ್ಷವರ್ಷ ಪದಕಕ್ಕಾಗಿ ಹಾರುವ ಬದಲು ನಾಲ್ಕೈದು ವರ್ಷಕ್ಕೊಮ್ಮೆ ಹೋಗಿ, ಎರಡು ಮೂರು ವಾರ ಇದ್ದು, ಅಲ್ಲಿನ ವೃಂದಗಳೊಡನೆ ಕಲಿತು ಬರುವುದು ಸ್ವಲ್ಪ ವಾಸಿ.

ಇನ್ನೂ ಒಳ್ಳೆಯ ದಾರಿ ಅವರನ್ನು ಇಲ್ಲಿಗೆ ಕರೆಸುವುದು. ಹೊರನಾಡಿನ ಸಂಗೀತಕ್ಕೆ ಆಸರೆಯಾಗುವುದು ಮೈಸೂರಿಗೆ ಹೊಸ ವಿದ್ಯೆಯಲ್ಲ. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದವರು. ಮುಪ್ಪಿನಲ್ಲಿ ಕೇಳುವವರಿಲ್ಲದೆ ಇದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಅವರೇ; ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದರು. 1950ರಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕಡೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿಗೆ ಪ್ರಯೋಗವಾದಾಗಲೂ ಅದರ ಹಿಂದೆ ಮೈಸೂರಿನ ಹಣವಿತ್ತು. ಪ್ರತಿಯಾಗಿ ಮೈಸೂರಿಗೆ ಯಾವ ಪದಕವೂ ಬರಲಿಲ್ಲ. ಈಗ ದಸರೆಗೆ ಕೋಟಿಗಟ್ಟಲೆ ಖರ್ಚಾಗುತ್ತದೆ, ಸಿನಿಮಾ ಗಾಯಕರ ಸಂಜೆಗಳಿಗೆ ದೊಡ್ಡ ವೇದಿಕೆಗಳಿವೆ. ಅದರಲ್ಲಿ ಒಂದು ಸಣ್ಣ ಪಾಲಿನಿಂದ ಪ್ರತಿವರ್ಷ ನಾಲ್ಕು ಹೊರನಾಡಿನ ವೃಂದಗಳನ್ನು ಕರೆಸಬಹುದು. ಅವರನ್ನು ಹೋಟೆಲಿನಲ್ಲಿ ಇಡದೆ ಕುವೆಂಪುನಗರದ, ಸರಸ್ವತಿಪುರದ ಮನೆಗಳಲ್ಲಿ ಉಳಿಸಲಿ. ಬೆಳಗಿನ ಹೊತ್ತು ಅವರೂ ನಮ್ಮ ಕಾಲೇಜು ಹುಡುಗರೂ ಕಂಸಾಳೆಯವರೂ ಕೂಡಿ ಕಲಿಯಲಿ, ವಿಜಯದಶಮಿಯ ಹಿಂದಿನ ಸಂಜೆ ಒಟ್ಟಿಗೆ ಹಾಡಲಿ. ಆಮೇಲೆ ಇಲ್ಲಿಂದ ಯಾರು ಅವರ ಊರಿಗೆ ಹೋಗಬೇಕೆಂಬುದನ್ನು ಆ ನಾಲ್ಕು ವೃಂದಗಳೇ ಆರಿಸಲಿ.